ನಾಲ್ಕು ಬೋಲ್ಟ್ ಬಿಗಿದ ಮೇಲೂ ಗೈ ರೋಪ್ ಯಾಕೆ?

"ಸಾರ್, ಕಂಬದ ಬುಡಕ್ಕೆ ನಾಲ್ಕು ಬೋಲ್ಟ್ ಹಾಕಿ ಟೈಟ್ ಮಾಡಿದ ಮೇಲೆ ಫ್ರೇಮ್ ತಾನಾಗೇ ನಿಲ್ಲುತ್ತೆ ಅಲ್ವಾ? ಗೈ ರೋಪ್ ಕಟ್ಟೋಕೆ ಯಾಕೆ ಟೈಮ್ ಹಾಳು ಮಾಡ್ಬೇಕು?"

ಸ್ಟೀಲ್ ಶೆಡ್ ವಿಷಯ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಫ್ರೇಮ್ ಅಂದರೆ ಎರಡು ಕಂಬ, ಮೇಲೆ ಅವನ್ನು ಕೂಡಿಸುವ ತೊಲೆ. ಗೈ ರೋಪ್ ಅಂದರೆ ಅದು ವಾಲದಂತೆ ಮೇಲಿನಿಂದ ನೆಲಕ್ಕೆ ಎಳೆದು ಕಟ್ಟುವ ಹಗ್ಗ. ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಆದರೂ ಮತ್ತೆ ಹೇಳುತ್ತೇನೆ, ಯಾಕಂದ್ರೆ ಈ ತಪ್ಪು ನಂಬಿಕೆಗೆ ಬಲಿಯಾಗುವವರು ಮೇಲೆ ಹತ್ತಿದ ಹುಡುಗರು.

ನಿಲ್ಲುವುದಿಲ್ಲ. ನಿಂತ ಹಾಗೆ ಕಾಣುತ್ತದೆ, ಅಷ್ಟೇ.

ಒಂದು ಸ್ಟೀಲ್ ಸ್ಕೇಲ್ ತೆಗೆದುಕೊಳ್ಳಿ. ಅಂಚಿನ ಕಡೆಯಿಂದ ಒತ್ತಿದರೆ ಜಗ್ಗುವುದಿಲ್ಲ, ಚಪ್ಪಟೆ ಕಡೆಯಿಂದ ಒಂದು ಬೆರಳು ಸಾಕು. ಫ್ರೇಮ್ ಕೂಡ ಹಾಗೇ. ಶೆಡ್ಡಿನ ಅಗಲದ ದಿಕ್ಕಿಗೆ ಗಟ್ಟಿ. ಉದ್ದದ ದಿಕ್ಕಿಗೆ ಅದನ್ನು ಹಿಡಿಯಬೇಕಾದ ಪರ್ಲಿನ್ (ಚಾವಣಿ ಶೀಟಿನ ಕೆಳಗೆ ಫ್ರೇಮಿನಿಂದ ಫ್ರೇಮಿಗೆ ಹೋಗುವ ಪಟ್ಟಿ), ಬ್ರೇಸಿಂಗ್ (ಓರೆಯಾಗಿ ಕಟ್ಟುವ ಆಸರೆ ರಾಡು) ಎಲ್ಲ ಇನ್ನೂ ನೆಲದ ಮೇಲೇ ಇವೆ!

ಲೆಕ್ಕ ಬೇಕಾ? 8 ಮೀಟರ್ ಕಂಬದ ತಲೆಗೆ ಉದ್ದದ ದಿಕ್ಕಿನಲ್ಲಿ 50 ಕೆಜಿಯಷ್ಟು ತಳ್ಳಿ. ಬುಡದಲ್ಲಿ ಬೋಲ್ಟುಗಳ ನಡುವೆ ಇರುವುದು 150 ಮಿಲಿಮೀಟರ್ ಅಂದುಕೊಳ್ಳಿ. ಒಂದು ಬದಿಯ ಎರಡು ಬೋಲ್ಟ್ ಸೇರಿ ಎರಡೂವರೆ ಟನ್ನಿಗಿಂತ ಜಾಸ್ತಿ ಎಳೆತ ತಡೆಯಬೇಕು. ಬೋಲ್ಟ್ ತುಂಡಾಗದೇ ಇರಬಹುದು. ಆದರೆ ಕಂಬದ ಬುಡದ ತಗಡಿನ, ಅಂದರೆ ಬೇಸ್ ಪ್ಲೇಟಿನ ಕೆಳಗೆ ಇನ್ನೂ ಗ್ರೌಟ್ (ಸಿಮೆಂಟ್ ಗಾರೆ) ತುಂಬಿಲ್ಲ, ಕಂಬ ಮಟ್ಟ ಹೊಂದಿಸುವ ಲೆವೆಲಿಂಗ್ ನಟ್ ಮೇಲೆ ಕೂತಿದೆ, ಬೋಲ್ಟ್ ಅಲ್ಲೇ ಬಾಗುತ್ತದೆ, ಪ್ಲೇಟ್ ಬಾಗುತ್ತದೆ. ಅದೂ ಅಲ್ಲದೆ, ಎಷ್ಟೋ ಶೆಡ್ಡುಗಳ ಡಿಸೈನಿನಲ್ಲಿ ಎಂಜಿನಿಯರೇ ಆ ಬುಡವನ್ನು ಬಾಗಿಲ ಹಿಂಜಿನ ಹಾಗೆ ತಿರುಗಬಲ್ಲದ್ದು ಎಂದು ಲೆಕ್ಕ ಹಿಡಿದಿರುತ್ತಾರೆ. ಅವರು ನಂಬದ ಬೋಲ್ಟನ್ನು ನೀವು ಯಾಕೆ ನಂಬುತ್ತೀರಿ?

ಗಾಳಿಯ ವೇಗ ಎರಡರಷ್ಟಾದರೆ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಎಲೆ ಅಲ್ಲಾಡುವುದಿಲ್ಲ, ನಾಲ್ಕು ಗಂಟೆಗೆ ಮಳೆಗಾಳಿ ಎಲ್ಲಿಂದಲೋ ನುಗ್ಗುತ್ತದೆ, ಅದು ನಮ್ಮೂರಿನ ಯಾರಿಗೂ ಗೊತ್ತಿಲ್ಲದ ವಿಷಯವಲ್ಲ.

"ಪರ್ಲಿನ್ ಹಾಕಿದ್ದೀವಲ್ಲ" ಅಂತಲೂ ಹೇಳುತ್ತಾರೆ. ಬ್ರೇಸಿಂಗ್ ಇಲ್ಲದೆ ಬರೀ ಪರ್ಲಿನ್ ಹಾಕಿದರೆ ಫ್ರೇಮುಗಳು ಒಂದಕ್ಕೊಂದು ಕೈ ಹಿಡಿದುಕೊಂಡು ಸಾಲಾಗಿ ಒರಗುತ್ತವೆ.

ಹಾಗಾಗಿ ಡ್ರಾಯಿಂಗಿನಲ್ಲಿ ಬ್ರೇಸಿಂಗ್ ಇರುವ ಬೇ, ಅಂದರೆ ಎರಡು ಫ್ರೇಮುಗಳ ನಡುವಿನ ಅಂಕಣ, ಮೊದಲು. ಫ್ರೇಮ್ ಎತ್ತಿ, ಎರಡೂ ಕಡೆ ಗೈ ರೋಪ್ ಬಿಗಿದ ಮೇಲೆಯೇ ಕ್ರೇನ್ ಹುಕ್ ಬಿಚ್ಚಿ. ಪಕ್ಕದ ಫ್ರೇಮ್, ಪರ್ಲಿನ್, ಚಾವಣಿ ಮತ್ತು ಗೋಡೆಯ ಬ್ರೇಸಿಂಗ್ ಎಲ್ಲ ಕೂಡಿಸಿ, ತೂಕಗುಂಡು ಹಿಡಿದು ನೋಡಿ, ಬೋಲ್ಟ್ ಪೂರ್ತಿ ಬಿಗಿ ಮಾಡಿ. ಉಳಿದದ್ದೆಲ್ಲ ಆ ಬೇಯನ್ನೇ ಆತುಕೊಂಡು ಬರಬೇಕು. ಸಂಜೆ ಕೆಲಸ ನಿಲ್ಲಿಸುವಾಗ ಒಂಟಿ ಫ್ರೇಮ್ ಬಿಟ್ಟು ಹೋಗಬೇಡಿ. ಭಾರತೀಯ ಮಾನಕ 7205 ಸ್ಟೀಲ್ ಎತ್ತುವ ಸುರಕ್ಷತೆಗೆಂದೇ ಇದೆ, 1974ರದ್ದು. ಇದೇನೂ ಹೊಸ ವಿಷಯವಲ್ಲ.

ಯಾರೂ ಕೇಳದ ಇನ್ನೊಂದು ಮಾತು. ಹಳೇ ಶೆಡ್ ಬಿಚ್ಚುವಾಗ ಏನು ಮಾಡ್ತೀರಿ? ಕೈಗೆ ಸುಲಭವಾಗಿ ಸಿಗುತ್ತೆ ಅಂತ ಬ್ರೇಸಿಂಗ್ ರಾಡುಗಳನ್ನೇ ಮೊದಲು ಕತ್ತರಿಸಿ ಗುಜರಿಗೆ ಹಾಕುವವರನ್ನು ನೋಡಿದ್ದೇನೆ. ಬಿಚ್ಚುವಾಗಲೂ ಫ್ರೇಮಿಗೆ ಅದೇ ಆಸರೆ ಬೇಕು. ಕಟ್ಟುವಾಗ ಮೊದಲು ನಿಂತ ಆ ಬ್ರೇಸಿಂಗ್ ಬೇ, ಬಿಚ್ಚುವಾಗ ಕೊನೆಗೆ ಇಳಿಯಬೇಕು.