ಎರಡೂ ಕಡೆ ಒಂದೇ ನಂಬರ್ ಇದ್ದರೂ ವಿಲುಕಪ್ ಏಕೆ ಹುಡುಕುವುದಿಲ್ಲ?

ಹೋದ ತಿಂಗಳು ಹಾಲಿನ ಸೊಸೈಟಿಯೊಂದರ ಕಾರ್ಯದರ್ಶಿ ಮೇಡಂ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರು. ಬೆಳಿಗ್ಗೆ ಸದಸ್ಯರಿಗೆ ಹಾಲಿನ ದುಡ್ಡಿನ ಬಟವಾಡೆ. ಅದಕ್ಕೆ ಸದಸ್ಯರ ಕೋಡ್ ಹಿಡಿದು ಬ್ಯಾಂಕ್ ಖಾತೆ ಹುಡುಕಲು ವಿಲುಕಪ್ (VLOOKUP) ಹಾಕಿದ್ದರು, ಅಂದರೆ ಒಂದು ಶೀಟ್‌ನ ಕೋಡನ್ನು ಇನ್ನೊಂದರಲ್ಲಿ ಹುಡುಕಿ ಅದರ ಸಾಲಿನ ಮಾಹಿತಿ ತರುವ ಎಕ್ಸೆಲ್ ಫಾರ್ಮುಲಾ. "ಸರ್, ಎರಡೂ ಶೀಟ್‌ನಲ್ಲಿ 0047 ಅಂತಲೇ ಇದೆ. ಕಣ್ಣೆದುರೇ ಇದೆ. ವಿಲುಕಪ್ ಹಾಕಿದರೆ ಮಾತ್ರ ಎನ್‌ಎ ಅಂತಿದೆ. ಎಕ್ಸೆಲ್ ಕೆಟ್ಟಿದೆಯಾ?"

ಎನ್‌ಎ (#N/A) ಅಂದರೆ ಹುಡುಕಿದ್ದು ಸಿಗಲಿಲ್ಲ ಅಂತ. ಎಕ್ಸೆಲ್ ಕೆಟ್ಟಿರಲಿಲ್ಲ. ಫಾರ್ಮುಲಾ ಕೂಡ ಸರಿಯಾಗಿತ್ತು. ಇದೇ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ, ಹಾಗಾಗಿ ಈ ಸಲ ಬರೆದೇ ಬಿಡುತ್ತೇನೆ.

ಸೊಸೈಟಿಯ ಸಾಫ್ಟ್‌ವೇರ್‌ನಿಂದ ಇಳಿಸಿದ ಶೀಟ್‌ನಲ್ಲಿ 0047 ಅನ್ನುವುದು ಟೆಕ್ಸ್ಟ್. ಅಂದರೆ ಸಾಲಾಗಿ ಕೂತ ನಾಲ್ಕು ಅಕ್ಷರ. ಬ್ಯಾಂಕ್ ಖಾತೆಯ ಶೀಟ್‌ನಲ್ಲಿ ಮೇಡಂ ಕೈಯಾರೆ 47 ಅಂತ ಹೊಡೆದು, ಮುಂದೆ ಎರಡು ಸೊನ್ನೆ ಕಾಣುವ ಹಾಗೆ ಫಾರ್ಮ್ಯಾಟ್ ಕೊಟ್ಟಿದ್ದರು. ಅಲ್ಲಿರುವುದು ನಲವತ್ತೇಳು ಅನ್ನುವ ಸಂಖ್ಯೆ. ನಮ್ಮ ಕಣ್ಣಿಗೆ ಎರಡೂ ಒಂದೇ, ವಿಲುಕಪ್‌ಗೆ ಬೇರೆ ಬೇರೆ.

"ಆದರೆ ಎರಡಕ್ಕೂ ಒಂದೇ ಫಾರ್ಮ್ಯಾಟ್ ಕೊಟ್ಟಿದ್ದೇನಲ್ಲ ಸರ್" ಅಂದರು ಮೇಡಂ. ಎಲ್ಲರೂ ಎಡವುವುದು ಇಲ್ಲೇ. ಫಾರ್ಮ್ಯಾಟ್ ಬದಲಿಸಿದರೆ ಬದಲಾಗುವುದು ತೋರಿಸುವ ರೀತಿ ಮಾತ್ರ, ಸೆಲ್‌ನ ಒಳಗೆ ಆಗಲೇ ಕೂತಿರುವುದು ಹಾಗೇ ಇರುತ್ತದೆ. ಉಪ್ಪಿನ ಡಬ್ಬಿಗೆ ಸಕ್ಕರೆ ಅಂತ ಚೀಟಿ ಅಂಟಿಸಿದರೆ ಉಪ್ಪು ಸಿಹಿಯಾಗುತ್ತಾ? ಫಾರ್ಮ್ಯಾಟ್ ಬದಲಿಸಿದ ಮೇಲೆ ಆ ಸೆಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಎಂಟರ್ ಹೊಡೆದರೆ ಸಾಮಾನ್ಯವಾಗಿ ಅದೊಂದು ಸರಿಹೋಗುತ್ತದೆ, ಯಾಕೆಂದರೆ ಆಗ ಎಕ್ಸೆಲ್ ಅದನ್ನು ಹೊಸದಾಗಿ ಹೊಡೆದ ಹಾಗೆ ಓದುತ್ತದೆ. ಮುನ್ನೂರು ಸದಸ್ಯರಿಗೂ ಹಾಗೆ ಮಾಡುತ್ತಾ ಕೂತವರನ್ನು ನೋಡಿದ್ದೇನೆ, ಸಂಕಟವಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಮೊದಲು ಈಸ್‌ನಂಬರ್ (ISNUMBER, ಸೆಲ್‌ನಲ್ಲಿರುವುದು ಸಂಖ್ಯೆಯೋ ಅಲ್ಲವೋ ಹೇಳುವ ಫಂಕ್ಷನ್) ಹಾಕಿ ನೋಡಿ. ಒಂದು ಕಡೆ ಟ್ರೂ, ಇನ್ನೊಂದು ಕಡೆ ಫಾಲ್ಸ್ ಬಂದರೆ ಕಾರಣ ಸಿಕ್ಕಿತು. ಆಮೇಲೆ ಬ್ಯಾಂಕ್ ಶೀಟ್‌ನ ಎಡಗಡೆ ಹೊಸ ಕಾಲಂ ಸೇರಿಸಿ, ಟೆಕ್ಸ್ಟ್ (TEXT) ಫಂಕ್ಷನ್‌ಗೆ ನಾಲ್ಕು ಸೊನ್ನೆಯ ಮಾದರಿ ("0000") ಕೊಟ್ಟು ಕೋಡ್ ಮಾಡಿಕೊಳ್ಳಿ, ಅದರಲ್ಲಿ ಹುಡುಕಿ. ಟೆಕ್ಸ್ಟ್ ಅನ್ನೇ ನಂಬರ್ ಮಾಡುವ ದಾರಿಯೂ ಇದೆ, ಟೆಕ್ಸ್ಟ್ ಟು ಕಾಲಮ್ಸ್‌ಗೆ ಹೋಗಿ ನೇರ ಫಿನಿಶ್ ಒತ್ತಿದರೆ ಸಾಕು. ಆದರೆ ಖಾತೆ ನಂಬರ್ ಮೇಲೆ ಮಾತ್ರ ಇದನ್ನು ಮಾಡಬೇಡಿ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿ ಮಾತ್ರ ಇಟ್ಟುಕೊಳ್ಳುತ್ತದೆ, 16 ಅಂಕಿಯ ಖಾತೆಯಾದರೆ ಕೊನೆಯದು ಸೊನ್ನೆಯಾಗಿ ಬಿಡುತ್ತದೆ, ಮತ್ತೆ ವಾಪಸ್ ಬರುವುದಿಲ್ಲ. ಕೂಡಿಸುವುದೂ ಇಲ್ಲ ಕಳೆಯುವುದೂ ಇಲ್ಲ ಅನ್ನುವ ನಂಬರ್ ಟೆಕ್ಸ್ಟ್ ಆಗಿಯೇ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಇಷ್ಟಾದರೂ ಸಿಗದಿದ್ದರೆ ಲೆನ್ (LEN) ಹಾಕಿ ಅಕ್ಷರ ಎಣಿಸಿ. ನಾಲ್ಕು ಇರಬೇಕಾದ ಕಡೆ ಐದು ಬಂದರೆ ಸ್ಪೇಸ್ ಸೇರಿಕೊಂಡಿರಬಹುದು. ವೆಬ್ ಪುಟದಿಂದ ಕಾಪಿ ಮಾಡಿದ್ದಾದರೆ ಹೆಚ್ಚುವರಿ ಸ್ಪೇಸ್ ತೆಗೆಯುವ ಟ್ರಿಮ್‌ಗೂ (TRIM) ಹೋಗದ ಸ್ಪೇಸ್ ಇರಬಹುದು, ಅದು ಕ್ಯಾರ್ 160, ಅಂದರೆ CHAR(160), ಒಂದರ ಬದಲು ಇನ್ನೊಂದು ಇಡುವ ಸಬ್‌ಸ್ಟಿಟ್ಯೂಟ್ (SUBSTITUTE) ಹಾಕಿ ತೆಗೆಯಬೇಕು. ಹೆಸರಿನ ಮೇಲೆ ಹುಡುಕುವವರಿಗೆ ಇನ್ನೂ ಒಂದು ತೊಂದರೆ: ಒಂದು ಪಟ್ಟಿ ಹಳೆಯ ನುಡಿ ಫಾಂಟ್‌ನಲ್ಲಿ, ಇನ್ನೊಂದು ಯೂನಿಕೋಡ್‌ನಲ್ಲಿ ಇದ್ದರೆ ಎರಡೂ ಕನ್ನಡವಾಗಿ ಕಂಡರೂ ಯಾವತ್ತೂ ಹೊಂದುವುದಿಲ್ಲ.

ಎನ್‌ಎ ಕಂಡು ಗಾಬರಿಯಾಗಿ, ತಪ್ಪು ಬಂದ ಕಡೆ ಬೇರೇನಾದರೂ ತೋರಿಸುವ ಇಫ್‌ಎರರ್ (IFERROR) ಹಾಕಿ ಸೊನ್ನೆ ತೋರಿಸುವವರಿದ್ದಾರೆ, ಆಗ ಹಾಲು ಹಾಕಿದವರಿಗೆ ಬಟವಾಡೆ ಸೊನ್ನೆ. ಅದಕ್ಕಿಂತ ಅಪಾಯ ವಿಲುಕಪ್ ಫಾರ್ಮುಲಾದ ಕೊನೆಯ ಫಾಲ್ಸ್ ತೆಗೆಯುವುದು, ಸರಿಯಾಗಿ ಹೊಂದಿದ್ದನ್ನು ಮಾತ್ರ ಕೊಡು ಅಂತ ಹೇಳುವುದು ಅದೇ. ಹಾಗೆ ಮಾಡಿದರೆ ಎಕ್ಸೆಲ್ ಹತ್ತಿರದ ಯಾವುದೋ ಕೋಡ್ ಹಿಡಿದು ಉತ್ತರ ಕೊಡಬಹುದು, ಒಬ್ಬರ ದುಡ್ಡು ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಬರುವ ದುಡ್ಡನ್ನೇ ನಂಬಿ ಮೇವಿಗೆ ಸಾಲ ಹೇಳಿದವರು ಇರುತ್ತಾರೆ, ಅಲ್ವಾ?

ಆ ರಾತ್ರಿ ಹತ್ತೂವರೆಗೆ ಮೇಡಂ ಮೆಸೇಜ್ ಮಾಡಿದರು, ಇನ್ನು ಮೂರೇ ಉಳಿದಿವೆ ಅಂತ. ಎರಡರಲ್ಲಿ ಸ್ಪೇಸ್ ಇತ್ತು. ಮೂರನೆಯವರು ಹೊಸ ಸದಸ್ಯರು, ಅವರ ಖಾತೆ ಬ್ಯಾಂಕ್ ಶೀಟ್‌ಗೆ ಸೇರಿಸಿರಲೇ ಇಲ್ಲ. ಆ ಎನ್‌ಎ ನಿಜವಾದ ಎನ್‌ಎ. ಬೆಳಿಗ್ಗೆ ಹಾಲು ತಂದಾಗ ಪಾಸ್‌ಬುಕ್ಕನ್ನೂ ತರಲು ಹೇಳಿದ್ದೇನೆ ಸರ್ ಅಂದರು.