ಹೆಸರಿಲ್ಲದ ಜರ್ಮನ್ ಫೋಲ್ಡಿಂಗ್ ಕ್ಯಾಮೆರಾ: ಗುರುತು ಹಿಡಿಯುವುದು ಹೇಗೆ?

ಲೆನ್ಸಿನ ಸುತ್ತ ಬರೆದಿರುವ ಹೆಸರನ್ನೇ ಕ್ಯಾಮೆರಾದ ಹೆಸರು ಎಂದುಕೊಂಡರೆ ಹುಡುಕಾಟ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ. ಶಟರ್ (ಬೆಳಕನ್ನು ಕ್ಷಣಕಾಲ ಒಳಬಿಡುವ ಭಾಗ) ಮೇಲೆ 'ಕಾಂಪುರ್' ಎಂದಿದ್ದರೆ ಆ ಶಟರ್ ಮ್ಯೂನಿಕ್‌ನ ಫ್ರೀಡ್ರಿಖ್ ಡೆಕೆಲ್ ಕಾರ್ಖಾನೆಯದು. 'ಪ್ರೊಂಟೋರ್', 'ವಾರಿಯೋ', 'ಡೆರ್ವಾಲ್', 'ಇಬ್ಸೋರ್' ಎಂದಿದ್ದರೆ ಕಾಲ್ಮ್‌ಬಾಖ್‌ನ ಆಲ್ಫ್ರೆಡ್ ಗೌಥಿಯರ್ ಕಾರ್ಖಾನೆಯದು. ಅದರ ಮುದ್ರೆ 'ಎಜಿಸಿ'. ಜರ್ಮನಿಯ ಹೆಚ್ಚುಕಡಿಮೆ ಎಲ್ಲ ಕ್ಯಾಮೆರಾ ಕಂಪನಿಗಳೂ ಈ ಎರಡು ಕಡೆಯಿಂದಲೇ ಶಟರ್ ಕೊಳ್ಳುತ್ತಿದ್ದವು. ಹಾಗಾಗಿ ಶಟರ್ ನಮಗೆ ಕಾಲವನ್ನು ಹೇಳುತ್ತದೆ, ತಯಾರಕರನ್ನು ಹೇಳುವುದಿಲ್ಲ. ತಯಾರಕರನ್ನು ಹೇಳುವುದು ಕ್ಯಾಮೆರಾದ ಮೈ.

ಹೆಸರು ಇಲ್ಲದಿರಲು ಮುಖ್ಯವಾಗಿ ಎರಡು ಕಾರಣ. ಒಂದು, ಹೆಸರನ್ನು ಚರ್ಮದ ಹೊದಿಕೆಯ ಮೇಲೆ ಒತ್ತಿರುತ್ತಿದ್ದರು. ಕೈ ತಾಗಿ ತಾಗಿ ಅದು ಸವೆದುಹೋಗಿರುತ್ತದೆ. ಎರಡು, ಬಾಲ್ಡಾದಂಥ ಕಾರ್ಖಾನೆಗಳು ಬೇರೆ ಅಂಗಡಿಗಳಿಗಾಗಿಯೂ ಕ್ಯಾಮೆರಾ ಮಾಡಿಕೊಡುತ್ತಿದ್ದವು. ನ್ಯೂರೆಂಬರ್ಗ್‌ನ ಫೋಟೋ ಪೋರ್ಸ್ಟ್ ಇಂಥ ಕ್ಯಾಮೆರಾಗಳನ್ನು 'ಹಾಪೋ' ಎಂಬ ತನ್ನದೇ ಹೆಸರಿನಲ್ಲಿ ಮಾರುತ್ತಿತ್ತು.

ಮೊದಲು ಚರ್ಮ ಓದಿ

ಪಾಲಿಶ್, ಎಣ್ಣೆ, ಒದ್ದೆ ಬಟ್ಟೆ ಯಾವುದನ್ನೂ ಮುಟ್ಟಿಸುವ ಮೊದಲು ಈ ಕೆಲಸ ಮುಗಿಸಿ. ಕೋಣೆ ಕತ್ತಲು ಮಾಡಿ, ಟಾರ್ಚನ್ನು ಚರ್ಮಕ್ಕೆ ಸಮಾಂತರವಾಗಿ, ಬಹುತೇಕ ತಾಗುವಷ್ಟು ಹತ್ತಿರ ಹಿಡಿದು, ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸಿ. ಹಿಂಬಾಗಿಲು, ಮುಂದಿನ ಮುಚ್ಚಳ, ಹಿಡಿಕೆಪಟ್ಟಿಯ ಅಕ್ಕಪಕ್ಕ, ಕೀಲಿನ ಬಳಿ, ಎಲ್ಲವನ್ನೂ ಬೇರೆ ಬೇರೆ ದಿಕ್ಕಿನ ಬೆಳಕಿನಲ್ಲಿ ನೋಡಿ. ನೇರ ಬೆಳಕಿನಲ್ಲಿ ಏನೂ ಕಾಣದ ಕಡೆ ಓರೆ ಬೆಳಕಿನಲ್ಲಿ ಅಂಕಿಯ ನೆರಳು ಏಳುತ್ತದೆ. ಆಗಲೂ ಓದಲಾಗದಿದ್ದರೆ ತೆಳು ಕಾಗದ ಇಟ್ಟು ಮೆತ್ತನೆಯ ಪೆನ್ಸಿಲನ್ನು ಅಡ್ಡ ಹಿಡಿದು ಹಗುರಾಗಿ ಉಜ್ಜಿ.

'520/2' ಅಥವಾ '515/2' ಎಂಬಂಥ ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಆದಂತೆಯೇ. ಅದು ಝೈಸ್ ಐಕಾನ್ ಪದ್ಧತಿ. 1926ರಲ್ಲಿ ಇಕಾ, ಎರ್ನೆಮನ್, ಗೋರ್ಟ್ಸ್ ಮತ್ತು ಕೊಂಟೆಸ್ಸಾ-ನೆಟ್ಟೆಲ್ ಸೇರಿ ಆದ ಕಂಪನಿ ಅದು. ಗೆರೆಯ ಮೊದಲಿನ ಅಂಕಿ ಮಾದರಿ: 520 ಇಕೋಂಟಾ, 515 ನೆಟ್ಟಾರ್, 530 ಸೂಪರ್ ಇಕೋಂಟಾ. ಗೆರೆಯ ನಂತರದ್ದು ಅಳತೆ: /2 ಎಂದರೆ 6×9 ಸೆಂ.ಮೀ., /16 ಎಂದರೆ 6×6. ರೋಲ್ ಫಿಲ್ಮಿನ ಇಕೋಂಟಾದಲ್ಲಿ ಗೆರೆಯೇ ಇಲ್ಲದಿದ್ದರೆ 4.5×6. ರೋಲ್ ಫಿಲ್ಮಿನ ಬದಲು ಗಾಜಿನ ಪ್ಲೇಟ್ ಬಳಸುವ ಪ್ಲೇಟ್ ಕ್ಯಾಮೆರಾಗಳಲ್ಲಿ /3 ಎಂದರೆ 6.5×9, /7 ಎಂದರೆ 9×12.

ಅಳತೆ ಮತ್ತು ಫಿಲ್ಮು

ಹಿಂಬಾಗಿಲು ತೆಗೆದು ಚಿತ್ರ ಬೀಳುವ ಚೌಕಟ್ಟನ್ನು ಅಳೆಯಿರಿ. ಅದು 56 ಮಿ.ಮೀ. ಚೌಕ ಇದ್ದರೆ 6×6. ಉದ್ದ ಬದಿ ಸುಮಾರು 84 ಇದ್ದರೆ 6×9. ಲೆನ್ಸಿನ ಮೇಲೆ ಬರೆದಿರುವ ಫೋಕಲ್ ಲೆಂತ್ (ಸಂಗಮ ದೂರ) ಇದಕ್ಕೆ ತಾಳೆಯಾಗಬೇಕು: 6×6ಕ್ಕೆ 7.5 ಸೆಂ.ಮೀ. ಆಸುಪಾಸು, 6×9ಕ್ಕೆ 10.5, ಪ್ಲೇಟ್ 9×12ಕ್ಕೆ 13.5. ತಾಳೆಯಾಗದಿದ್ದರೆ ಲೆನ್ಸನ್ನು ಯಾರೋ ಬದಲಿಸಿದ್ದಾರೆ ಎಂದು ಅನುಮಾನಿಸಿ.

ಖಾಲಿ 120 ಸ್ಪೂಲ್ (120 ಅಳತೆಯ ರೋಲ್ ಫಿಲ್ಮ್ ಸುತ್ತುವ ಉರುಳೆ) ಹಾಕಿ ನೋಡಿ. ಉದ್ದ ಸರಿ ಇದ್ದೂ ಅಂಚಿನ ಬಿಲ್ಲೆ ತಡೆದರೆ ಅದು 620ರ ಕ್ಯಾಮೆರಾ; ಕೊಡಾಕ್ ಕಡೆ ನೋಡಿ. ಸ್ಟುಟ್‌ಗಾರ್ಟ್‌ನಲ್ಲಿ ಕೊಡಾಕ್‌ಗೆ ಸ್ವಂತ ಕಾರ್ಖಾನೆ ಇತ್ತು. ಸ್ಪೂಲ್ ಅಲ್ಲಾಡುವಷ್ಟು ಜಾಗ ಉಳಿದರೆ 70 ಮಿ.ಮೀ. ಅಗಲದ 116 ಫಿಲ್ಮ್ ಇರಬಹುದು. ಹಿಂದೆ ಎರಡು ಕೆಂಪು ಕಿಟಕಿ ಇದ್ದರೆ, 6×9ರ ಒಂದೊಂದು ಅಂಕಿಯನ್ನೂ ಮೊದಲು ಒಂದು ಕಿಟಕಿಗೆ, ಆಮೇಲೆ ಇನ್ನೊಂದಕ್ಕೆ ತಂದು 16 ಅರ್ಧಚಿತ್ರ ತೆಗೆಯುವ ವ್ಯವಸ್ಥೆ ಅದು. ರೋಲ್ ಇಡುವ ಜಾಗವೇ ಇಲ್ಲದೆ ಹಿಂದೆ ಮಸುಕು ಗಾಜು, ತಗಡಿನ ಹೋಲ್ಡರ್ ಜಾರುವ ಜಾಡು ಇದ್ದರೆ ಅದು ಪ್ಲೇಟ್ ಕ್ಯಾಮೆರಾ.

ಲೆನ್ಸಿನ ಹೆಸರು: ಎರಡು ಗುಂಪು

ಟೆಸ್ಸಾರ್, ಕ್ಸೆನಾರ್, ರೇಡಿಯೊನಾರ್, ಟ್ರಯೊಪ್ಲಾನ್, ಟ್ರಿನಾರ್, ಕಸ್ಸಾರ್ ಇವೆಲ್ಲ ಹಲವು ಕಂಪನಿಗಳ ಮೈಮೇಲೆ ಕಾಣುವ ಲೆನ್ಸುಗಳು. ಇವುಗಳಿಂದ ತಯಾರಕರು ತಿಳಿಯುವುದಿಲ್ಲ. ಇನ್ನು ಕೆಲವು ಹೆಸರು ಮನೆತನದ ಗುರುತು ಇದ್ದಂತೆ: ನೋವಾರ್ ಎಂದರೆ ಝೈಸ್ ಐಕಾನ್, ಇಗೆಸ್ಟಾರ್, ಅಪೋಟಾರ್, ಸೋಲಿನಾರ್ ಎಂದರೆ ಆಗ್ಫಾ, ವೋಯ್ಗ್ಟಾರ್, ವಾಸ್ಕಾರ್, ಸ್ಕೋಪಾರ್ ಎಂದರೆ ಬ್ರೌನ್‌ಶ್ವೈಗ್‌ನ ಫೋಯ್ಗ್ಟ್‌ಲೆಂಡರ್. ಗಮನಿಸಿ, ನೋವಾರ್ ಹೆಸರು ಝೈಸ್ ಐಕಾನ್‌ನದಾದರೂ ಆ ಲೆನ್ಸನ್ನು ಹೊರಗಿನವರು ಮಾಡಿಕೊಡುತ್ತಿದ್ದರು.

ಕಾಲ ನಿರ್ಣಯ

ಇಲ್ಲಿ ಒಂದು ನಿಯಮ ಗಟ್ಟಿಯಾಗಿ ಹಿಡಿಯಿರಿ: ಪ್ರತಿ ಗುರುತೂ 'ಇದಕ್ಕಿಂತ ಮುಂಚಿನದಲ್ಲ' ಎಂದಷ್ಟೇ ಹೇಳುತ್ತದೆ. ಲೆನ್ಸು ಉಗ್ರಾಣದಲ್ಲಿ ಕೂತಿದ್ದಿರಬಹುದು. ಶಟರನ್ನು ರಿಪೇರಿಯವರು ಬದಲಿಸಿರಬಹುದು.

ಕಾಂಪುರ್ 1912ರಲ್ಲಿ ಬಂತು. ಹಳೆಯದರಲ್ಲಿ ವೇಗ ಬದಲಿಸಲು ಲೆನ್ಸಿನ ಮೇಲ್ಗಡೆ ಚಿಕ್ಕ ಗುಂಡು ಬಿಲ್ಲೆ ಇರುತ್ತದೆ. 1920ರ ದಶಕದ ಕೊನೆಯಿಂದ ಇಡೀ ಅಂಚಿನ ಬಳೆಯೇ ತಿರುಗುತ್ತದೆ. 1/400 ಅಥವಾ 1/500 ಇರುವ ಕಾಂಪುರ್-ರಾಪಿಡ್ 1930ರ ದಶಕದ ಮಧ್ಯದ್ದು. ಫ್ಲ್ಯಾಷ್ ತಂತಿ ಸಿಕ್ಕಿಸುವ ತೂತು, ನೇರಳೆ-ನೀಲಿ ಹೊಳಪಿನ ಲೆನ್ಸ್ ಲೇಪನ ಇದ್ದರೆ ಬಹುತೇಕ ಎರಡನೇ ಮಹಾಯುದ್ಧದ ನಂತರದ್ದು. 'ಡಿಆರ್‌ಪಿ', 'ಡಿಆರ್‌ಜಿಎಂ' ಮುದ್ರೆಗಳು ರೈಖ್ (1945ರವರೆಗಿನ ಜರ್ಮನ್ ರಾಜ್ಯ) ಕಾಲದ ಪೇಟೆಂಟ್ ಮತ್ತು ವಿನ್ಯಾಸ ನೋಂದಣಿ. 'ಡಿಬಿಪಿ' ಇದ್ದರೆ 1949ರ ನಂತರದ ಪಶ್ಚಿಮ ಜರ್ಮನಿ. 'ಯುಎಸ್ ಝೋನ್' ಎಂದಿದ್ದರೆ ಯುದ್ಧದ ನಂತರ ಅಮೆರಿಕನ್ ಆಡಳಿತವಿದ್ದ ವರ್ಷಗಳು.

ಲೆನ್ಸಿನ ಕ್ರಮಸಂಖ್ಯೆಯೂ ನೆರವಾಗುತ್ತದೆ. ಕಾರ್ಲ್ ಝೈಸ್ ಯೇನಾ ಸಂಖ್ಯೆ 10 ಲಕ್ಷ ದಾಟಿದ್ದು 1930ರ ಆಸುಪಾಸು, 20 ಲಕ್ಷ 1937ರ ಸುಮಾರಿಗೆ. ಷ್ನೈಡರ್ ಕ್ರೊಯ್ಟ್ಸ್‌ನಾಖ್ 10 ಲಕ್ಷ ಮುಟ್ಟಿದ್ದು 1936ರಲ್ಲಿ, 20 ಲಕ್ಷ 1948ರಲ್ಲಿ. ಒಂದು ಕಂಪನಿಯ ಪಟ್ಟಿಯನ್ನು ಇನ್ನೊಂದಕ್ಕೆ ಹಚ್ಚಬೇಡಿ.

ಎಲ್ಲ ಸೇರಿಸಿ ನೋಡೋಣ. ಹೆಸರಿಲ್ಲದ 6×9, ಲೆನ್ಸ್ ನೋವಾರ್ 10.5 ಸೆಂ.ಮೀ., ಎಫ್/6.3, ಶಟರ್ ಡೆರ್ವಾಲ್, ಕ್ಲಿಕ್ ಗುಂಡಿ ಶಟರಿನ ಮೇಲೇ ಇದೆ, ಮೈಮೇಲೆ ಇಲ್ಲ. ನೋವಾರ್ ಇರುವುದರಿಂದ ಝೈಸ್ ಐಕಾನ್. ಇಕೋಂಟಾವೋ ನೆಟ್ಟಾರೋ ಎಂಬುದನ್ನು ಲೆನ್ಸು ಹೇಳದು, ಚರ್ಮದ ಅಂಕಿಯೇ ಹೇಳಬೇಕು. ಓರೆ ಬೆಳಕಿನಲ್ಲಿ 520/2 ಕಂಡರೆ ಇಕೋಂಟಾ. ಮೈಮೇಲೆ ಗುಂಡಿ ಇಲ್ಲ, ಲೇಪನ ಇಲ್ಲ, ಅಳತೆ ಸೆಂ.ಮೀ.ನಲ್ಲಿದೆ: ಮೂರೂ ಯುದ್ಧಕ್ಕೆ ಮುಂಚಿನ ವರ್ಷಗಳ ಕಡೆಗೇ ಬೆರಳು ಮಾಡುತ್ತವೆ. ಮೂರರಲ್ಲಿ ಒಂದು ಬೇರೆ ಹೇಳಿದ್ದರೆ ಬದಲಿ ಭಾಗ ಹುಡುಕಬೇಕಿತ್ತು.

ನೋಡುವಾಗ ಮುರಿಯದಿರಲು

ಹಳೇ ಬಿಲ್ಲೆಯ ಕಾಂಪುರ್‌ನಲ್ಲಿ ಚಿಕ್ಕ ಸೂಚಕ ಝಡ್ ಅಥವಾ ಡಿ (ಶಟರನ್ನು ತೆರೆದೇ ಇಡುವ ಸ್ಥಾನಗಳು) ಮೇಲಿದ್ದರೆ ಬಿಗಿಯುವ ಸನ್ನೆ ಅಲ್ಲಾಡುವುದಿಲ್ಲ. ಒತ್ತಾಯಿಸಿದರೆ ಒಳಗೆ ಮುರಿಯುತ್ತದೆ. ಎಂ (ನಿಗದಿತ ವೇಗದ ಕ್ಲಿಕ್) ಮೇಲೆ ತಂದು ಆಮೇಲೆ ಬಿಗಿಯಿರಿ. ಕಾಂಪುರ್-ರಾಪಿಡ್‌ನಲ್ಲಿ ಅತಿ ಹೆಚ್ಚಿನ ವೇಗವನ್ನು ಬಿಗಿಯುವ ಮುಂಚೆಯೇ ಇಡಬೇಕು, ಅದಕ್ಕೆ ಬೇರೆ ಸ್ಪ್ರಿಂಗ್ ಇದೆ. ಮುಚ್ಚುವ ಮೊದಲು ಫೋಕಸನ್ನು ಅನಂತಕ್ಕೆ ತನ್ನಿ, ಇಲ್ಲದಿದ್ದರೆ ಎಷ್ಟೋ ಮಾದರಿಗಳಲ್ಲಿ ಲೆನ್ಸು ಮುಚ್ಚಳಕ್ಕೆ ಸಿಕ್ಕಿಕೊಳ್ಳುತ್ತದೆ. ಆಗ್ಫಾ ಇಸೊಲೆಟ್‌ನ ಫೋಕಸ್ ಬಳೆ ಕದಲದಿದ್ದರೆ ಒಳಗಿನ ಹಸಿರು ಗ್ರೀಸ್ ಗಟ್ಟಿಯಾಗಿದೆ ಎಂದರ್ಥ. ಇಕ್ಕಳ ಹಾಕಬೇಡಿ, ಬಿಚ್ಚಿ ತೊಳೆಯಬಲ್ಲವರಿಗೆ ಕೊಡಿ. ಆಗ್ಫಾದ ಬೆಲ್ಲೋಸ್ (ಲೆನ್ಸಿಗೂ ಮೈಗೂ ನಡುವಿನ ಮಡಿಕೆಯ ಚೀಲ) ಮೂಲೆಗಳಲ್ಲಿ ಸೂಜಿತೂತು ಬೀಳುವುದೂ ಸಾಮಾನ್ಯ. ಕತ್ತಲಲ್ಲಿ ಟಾರ್ಚನ್ನು ಒಳಗಿಟ್ಟು ಹಿಂಬದಿಯನ್ನು ಬಟ್ಟೆಯಿಂದ ಮುಚ್ಚಿ, ಹೊರಗಿನಿಂದ ಒಂದೊಂದೇ ಮಡಿಕೆ ನೋಡಿದರೆ ತೂತುಗಳು ಚುಕ್ಕೆಯಂತೆ ಕಾಣುತ್ತವೆ.