ಸಾಲದಲ್ಲಿರುವವರು ದಶಮಾಂಶ ಕೊಡಲೇಬೇಕೇ?

ಪ್ರಶ್ನೆ: ನನ್ನ ಸಂಬಳ ತಿಂಗಳಿಗೆ 18 ಸಾವಿರ ರೂಪಾಯಿ. ತಂದೆ ತೀರಿಕೊಂಡಿದ್ದಾರೆ. ಮನೆ ಬಾಡಿಗೆ, ತಾಯಿಯ ಔಷಧಿ, ಸಾಲದ ಕಂತು ಕಟ್ಟಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ದಶಮಾಂಶ, ಅಂದರೆ ಸಂಪಾದನೆಯ ಹತ್ತನೆಯ ಒಂದು ಪಾಲು, ಕೊಡದವನು ದೇವರಿಂದ ಕದ್ದವನು, ಅದಕ್ಕೇ ಸಾಲ ತೀರುತ್ತಿಲ್ಲ ಎಂದು ನಮ್ಮ ಸಭೆಯಲ್ಲಿ ಹೇಳುತ್ತಾರೆ. ನಾನು ಕೊಡಲೇಬೇಕೇ? ಕೊಡುವುದಾದರೆ ಪಿ.ಎಫ್. ಕಡಿತಕ್ಕೆ ಮುಂಚಿನ ಸಂಬಳದ ಮೇಲೋ, ಕೈಗೆ ಬರುವ ಹಣದ ಮೇಲೋ?

ಉತ್ತರ: ಕೊಡಲೇಬೇಕೆಂಬ ಕಟ್ಟಳೆ ನಿಮ್ಮ ಮೇಲಿಲ್ಲ. ನಿಮ್ಮ ಸಾಲಕ್ಕೂ ದಶಮಾಂಶಕ್ಕೂ ಗಂಟು ಹಾಕಿದವರು ಬೈಬಲಿನಲ್ಲಿ ಪ್ರವಾದಿ ಮಲಾಕಿಯನ ಪುಸ್ತಕದ ಮೂರನೆಯ ಅಧ್ಯಾಯವನ್ನು ಎಂಟನೆಯ ವಚನದಿಂದ ಓದಲು ಆರಂಭಿಸಿದ್ದಾರೆ. ಐದನೆಯ ವಚನದಿಂದ ಓದಿದ್ದರೆ ನಿಮ್ಮಂಥವರನ್ನು ಹೆದರಿಸಲು ನಾಲಿಗೆ ಏಳುತ್ತಿರಲಿಲ್ಲ. ಆಳುಗಳ ಕೂಲಿಯಲ್ಲಿ ಮೋಸ ಮಾಡುವವರು, ವಿಧವೆಯನ್ನೂ ಅನಾಥರನ್ನೂ ಬಾಧಿಸುವವರು, ಪರದೇಶಿಯ ಹಕ್ಕು ತಪ್ಪಿಸುವವರು, ಇವರ ವಿರುದ್ಧ ತಾನೇ ಸಾಕ್ಷಿಯಾಗಿ ನಿಲ್ಲುತ್ತೇನೆ ಎಂದು ದೇವರು ಅಲ್ಲಿ ಹೇಳುತ್ತಾನೆ. ಕಳ್ಳತನದ ಆರೋಪ ಬರುವುದು ಆಮೇಲೆ.

ಆ ಆರೋಪ ಯಾಕೆ ಬಂತು ಎಂದು ತಿಳಿಯಲು ಹತ್ತನೆಯ ಪಾಲು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತಿತ್ತು ಎಂದು ನೋಡಬೇಕು. ಯಾಜಕಕಾಂಡದ 27ನೆಯ ಅಧ್ಯಾಯದ ಪ್ರಕಾರ ದಶಮಾಂಶ ಹೊಲದ ಬೆಳೆಗೆ, ಮರದ ಹಣ್ಣಿಗೆ, ದನಕುರಿಗಳಿಗೆ ಸಂಬಂಧಿಸಿದ್ದು. ಬೆಳೆಯ ಪಾಲನ್ನು ಹಣ ಕೊಟ್ಟು ಬಿಡಿಸಿಕೊಳ್ಳುವವನು ಬೆಲೆಯ ಐದನೆಯ ಒಂದು ಭಾಗವನ್ನು ಹೆಚ್ಚಾಗಿ ಕೊಡಬೇಕಿತ್ತು. ಅಂದರೆ ಹಣದ ಚಲಾವಣೆ ಇತ್ತು, ಕೂಲಿಯವರೂ ಇದ್ದರು. ಆದರೂ ಕೂಲಿಯ ಮೇಲೆ ಹತ್ತನೆಯ ಪಾಲನ್ನು ಮೋಶೆಯ ಧರ್ಮಶಾಸ್ತ್ರ ಎಲ್ಲೂ ಕೇಳಿಲ್ಲ. ಹೊಲ, ಮಂದೆ ಉಳ್ಳವನು ಕೊಡುತ್ತಿದ್ದ. ಪಡೆಯುತ್ತಿದ್ದವರು ದೇವರ ಆಲಯದ ಸೇವೆಗೆ ನೇಮಕವಾದ ಕುಲದವರು, ಲೇವಿಯರು, ಏಕೆಂದರೆ ಬೇರೆ ಕುಲಗಳಿಗೆ ಸಿಕ್ಕಂತೆ ಅವರಿಗೆ ಭೂಮಿಯ ಸ್ವಾಸ್ತ್ಯ ಸಿಕ್ಕಿರಲಿಲ್ಲ. ಆ ಲೇವಿಯರೂ ತಮಗೆ ಬಂದದ್ದರಲ್ಲಿ ಹತ್ತನೆಯ ಪಾಲನ್ನು ಯಾಜಕರಿಗೆ ಕೊಡಬೇಕೆಂದು ಅರಣ್ಯಕಾಂಡದ 18ನೆಯ ಅಧ್ಯಾಯ ಹೇಳುತ್ತದೆ.

ಧರ್ಮೋಪದೇಶಕಾಂಡದ 14ನೆಯ ಅಧ್ಯಾಯ ಇನ್ನೂ ಸ್ವಾರಸ್ಯಕರ. ಅಲ್ಲಿ ದಶಮಾಂಶವನ್ನು ಕೊಡುವವನೇ ಮನೆಯವರೊಂದಿಗೆ ದೇವರ ಸನ್ನಿಧಿಯಲ್ಲಿ ಕುಳಿತು ಊಟ ಮಾಡಬೇಕು. ದೇವಾಲಯ ದೂರವಾದರೆ ಬೆಳೆಯನ್ನು ಮಾರಿ, ಹಣವನ್ನು ಗಂಟು ಕಟ್ಟಿಕೊಂಡು ಹೋಗಿ, ಅಲ್ಲಿ ಮನಸ್ಸಿಗೆ ಬಂದದ್ದನ್ನು, ದನವನ್ನೋ ಕುರಿಯನ್ನೋ ದ್ರಾಕ್ಷಾರಸವನ್ನೋ, ಕೊಂಡು ಲೇವಿಯನನ್ನೂ ಮರೆಯದೆ ಸಂತೋಷಪಡಬೇಕು. (ದಶಮಾಂಶದ ಬಗ್ಗೆ ಪ್ರಸಂಗಗಳನ್ನು ಬೇಕಾದಷ್ಟು ಕೇಳಿದ್ದೇನೆ. ಈ ಊಟದ ಭಾಗವನ್ನು ಯಾರೂ ಓದಿದ ನೆನಪಿಲ್ಲ.) ಮೂರನೆಯ ವರ್ಷದ ಪಾಲು ಮಾತ್ರ ಊರಲ್ಲೇ ಉಳಿಯುತ್ತಿತ್ತು: ಲೇವಿಯನಿಗೆ, ಪರದೇಶಿಗೆ, ತಂದೆಯಿಲ್ಲದವನಿಗೆ, ವಿಧವೆಗೆ ಹೊಟ್ಟೆ ತುಂಬಾ ತಿನ್ನಲು. ನಿಮ್ಮ ತಾಯಿ ಆ ಊರಿನಲ್ಲಿದ್ದಿದ್ದರೆ ದಶಮಾಂಶದ ರಾಶಿಯಿಂದ ಧಾನ್ಯ ತಂದುಕೊಳ್ಳುವ ಹಕ್ಕು ಅವರಿಗಿತ್ತು. ಈಗ ಅದೇ ದಶಮಾಂಶದ ಹೆಸರಿನಲ್ಲಿ ಅವರ ಔಷಧಿಯ ಹಣವನ್ನು ಕೇಳಲಾಗುತ್ತಿದೆ.

ಮಲಾಕಿಯನ ಕಾಲದ ಸ್ಥಿತಿ ನೆಹೆಮೀಯನ ಪುಸ್ತಕದ 13ನೆಯ ಅಧ್ಯಾಯದಲ್ಲಿ ಕಾಣುವ ಸ್ಥಿತಿಗೆ ತೀರ ಹತ್ತಿರ. ಬಾಬೆಲಿನ ಸೆರೆಯಿಂದ ಜನ ಮರಳಿದ ನಂತರದ ಮಾತು ಅದು. ದಶಮಾಂಶ ಇಡುತ್ತಿದ್ದ ದೇವಾಲಯದ ದೊಡ್ಡ ಕೊಠಡಿಯನ್ನು ಯಾಜಕನೊಬ್ಬ ತನ್ನ ನಂಟನಾದ ಟೋಬೀಯನಿಗೆ ಬಿಟ್ಟುಕೊಟ್ಟಿದ್ದ. ಪಾಲು ಸಿಗದ ಲೇವಿಯರು ದೇವಾಲಯದ ಕೆಲಸ ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಹೋಗಿಬಿಟ್ಟಿದ್ದರು. ಯೆಹೂದ ನಾಡಿನ ಅಧಿಪತಿಯಾಗಿದ್ದ ನೆಹೆಮೀಯ ಟೋಬೀಯನ ಸಾಮಾನುಗಳನ್ನು ಹೊರಗೆಸೆದು, ಉಗ್ರಾಣದ ಮೇಲೆ ನಂಬಿಗಸ್ತರನ್ನು ನೇಮಿಸಿದ. ದಶಮಾಂಶವನ್ನು ತಂದುಹಾಕಿ ಎಂದು ಮಲಾಕಿಯನಲ್ಲಿ ಹೇಳಿರುವ ಉಗ್ರಾಣವೆಂದರೆ ಹೀಗೆ ಹಂಚಿಕೊಡಲು ಧಾನ್ಯ ಕೂಡಿಡುವ ಜಾಗ. ಅದನ್ನು ಇಂದಿನ ಸಭೆಯ ಬ್ಯಾಂಕ್ ಖಾತೆಗೆ ನೇರವಾಗಿ ಸಮ ಮಾಡುವವರು ಲೆಕ್ಕ ಕೊಡುವ ಭಾಗವನ್ನೂ ಜೊತೆಗೇ ತರಬೇಕು.

ಅಬ್ರಹಾಮನು ಧರ್ಮಶಾಸ್ತ್ರಕ್ಕಿಂತ ಮುಂಚೆಯೇ ಕೊಟ್ಟನಲ್ಲ ಎಂದು ಕೆಲವರು ವಾದಿಸುತ್ತಾರೆ. ಕೊಟ್ಟದ್ದು ನಿಜ. ಆದರೆ ಆದಿಕಾಂಡ 14ರಲ್ಲಿ ಸಾಲೇಮಿನ ಅರಸನೂ ಯಾಜಕನೂ ಆದ ಮೆಲ್ಕೀಚೆದೆಕನಿಗೆ ಹೋದದ್ದು ಯುದ್ಧದ ಕೊಳ್ಳೆಯ ಹತ್ತನೆಯ ಪಾಲು. ಉಳಿದದ್ದರಲ್ಲಿ ಒಂದು ದಾರವನ್ನೂ ತನಗಾಗಿ ಇಟ್ಟುಕೊಳ್ಳುವುದಿಲ್ಲ ಎಂದು ಅವನು ಸೊದೋಮಿನ ಅರಸನಿಗೆ ಹೇಳಿದ. ಅದನ್ನು ತಿಂಗಳ ಸಂಬಳದ ನಿಯಮವಾಗಿಸುವುದು ಕಷ್ಟ. ಯೇಸು ಮತ್ತಾಯ 23ರಲ್ಲಿ ದಶಮಾಂಶವನ್ನು ಬಿಡಬೇಡಿ ಎಂದದ್ದೂ ನಿಜ. ಆ ಮಾತು ದೇವಾಲಯ ಇನ್ನೂ ನಿಂತಿದ್ದಾಗ, ಪುದೀನ ಜೀರಿಗೆಗಳಲ್ಲೂ ಹತ್ತನೆಯ ಪಾಲು ಎಣಿಸಿ ನ್ಯಾಯವನ್ನೂ ಕರುಣೆಯನ್ನೂ ಬಿಟ್ಟಿದ್ದ ಫರಿಸಾಯರೆಂಬ ಕಟ್ಟುನಿಟ್ಟಿನ ಯೆಹೂದಿ ಪಂಥದವರಿಗೆ ಹೇಳಿದ್ದು. ಮುಂದೆ ಯೆಹೂದ್ಯರಲ್ಲದ ವಿಶ್ವಾಸಿಗಳು ಏನನ್ನು ಪಾಲಿಸಬೇಕು ಎಂದು ಯೆರೂಸಲೇಮಿನಲ್ಲಿ ಚರ್ಚೆಯಾಗಿ ಪತ್ರ ಹೊರಟಾಗ (ಅಪೊಸ್ತಲರ ಕೃತ್ಯಗಳು 15) ಅದರಲ್ಲಿ ದಶಮಾಂಶದ ಮಾತಿರಲಿಲ್ಲ. ಚರ್ಚು ಅದನ್ನು ಕಡ್ಡಾಯ ಮಾಡಿ, ಕೊಡದವರಿಗೆ ಬಹಿಷ್ಕಾರ ವಿಧಿಸಿದ್ದು ಬಹಳ ಕಾಲದ ಮೇಲೆ, ಕ್ರಿ.ಶ. 585ರಲ್ಲಿ, ಫ್ರಾನ್ಸಿನ ಮಾಕೋನ್‌ನಲ್ಲಿ ನಡೆದ ಬಿಷಪರ ಸಭೆಯಲ್ಲಿ. ಕಥೋಲಿಕರ ಇಂದಿನ ಧರ್ಮಸಭೆಯ ಕಾನೂನು ಚರ್ಚಿನ ಅಗತ್ಯಗಳಿಗೆ ನೆರವಾಗಬೇಕು ಎನ್ನುತ್ತದೆ, ಹತ್ತನೆಯ ಪಾಲು ಎನ್ನುವುದಿಲ್ಲ.

ಹಾಗಾದರೆ ಕೊಡಬೇಕಾದ್ದೇ ಇಲ್ಲವೇ? ಇದೆ. ಅಪೊಸ್ತಲ ಪೌಲನು ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಹಣ ಕೂಡಿಸುವಾಗ ಕೊರಿಂಥದ ಸಭೆಯವರಿಗೆ ಬರೆದ ಕ್ರಮ ಇಂದಿಗೂ ನಡೆಯುತ್ತದೆ: ವಾರದ ಮೊದಲನೆಯ ದಿನ, ಪ್ರತಿಯೊಬ್ಬನೂ ತನ್ನ ಸಂಪಾದನೆಗೆ ತಕ್ಕಂತೆ ತೆಗೆದಿಡಲಿ. ಎರಡನೆಯ ಪತ್ರದಲ್ಲಿ, ಒಬ್ಬನ ಬಳಿ ಇರುವುದಕ್ಕೆ ತಕ್ಕ ಕಾಣಿಕೆ ಸಾಕು, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ ಎನ್ನುತ್ತಾನೆ. ದುಃಖದಿಂದಲೋ ಬಲವಂತದಿಂದಲೋ ಕೊಡುವುದು ಬೇಡ ಎಂದೂ ಸೇರಿಸುತ್ತಾನೆ. ಶಾಪದ ಭಯಕ್ಕಿಂತ ದೊಡ್ಡ ಬಲವಂತ ಯಾವುದು ಎಂದು ನನಗೆ ತಿಳಿಯದು. ಇನ್ನೊಂದು ಕಡೆ, ತಿಂಗಳಿಗೆ ಮೂರು ಲಕ್ಷ ಎಣಿಸುವವನು 30 ಸಾವಿರ ಹಾಕಿ ದೇವರ ಲೆಕ್ಕ ಚುಕ್ತವಾಯಿತು ಎಂದುಕೊಂಡರೆ ಅವನಿಗೂ ಈ ಪತ್ರ ನೆಮ್ಮದಿ ಕೊಡುವುದಿಲ್ಲ. ಅವನ ಮಟ್ಟಿಗೆ ಹತ್ತನೆಯ ಪಾಲು ಬಹಳ ಅಗ್ಗ.

ನಿಮ್ಮ ವಿಷಯಕ್ಕೆ ಬರೋಣ. ದೇವರಿಗೆ ಮೀಸಲಿಟ್ಟಿದ್ದೇನೆ ಎಂಬ ನೆಪದಲ್ಲಿ ತಂದೆತಾಯಿಗೆ ಸಲ್ಲಬೇಕಾದದ್ದನ್ನು ತಪ್ಪಿಸುವ ಪದ್ಧತಿಗೆ ಕೊರ್ಬಾನ್ ಎನ್ನುತ್ತಿದ್ದರು. ಮಾರ್ಕ 7ರಲ್ಲಿ ಯೇಸು ಅದನ್ನು ದೇವರ ವಾಕ್ಯವನ್ನೇ ನಿರರ್ಥಕ ಮಾಡುವ ಸಂಪ್ರದಾಯ ಎಂದು ಗದರಿಸಿದ. ಆದ್ದರಿಂದ ಔಷಧಿಯ ಹಣ ಮೊದಲು, ಸಾಲದ ಕಂತು ಆಮೇಲೆ. ಸಾಲ ಕೊಟ್ಟವನ ಹಣ ನಿಮ್ಮದಲ್ಲ, ಅದರಿಂದ ಕಾಣಿಕೆ ಹಾಕುವಂತಿಲ್ಲ. ಸಭಾಪಾಲಕರ ಮನೆಯೂ ನಡೆಯಬೇಕು, ವಾಕ್ಯ ಕಲಿಸುವವರನ್ನು ಸಭೆ ಪೋಷಿಸಬೇಕೆಂದು ಪೌಲನೇ ಹೇಳಿದ್ದಾನೆ. ನಿಮ್ಮಿಂದ ತಿಂಗಳಿಗೆ ನೂರು ರೂಪಾಯಿ ಆಗುವುದಾದರೆ ಅದನ್ನು ನಿಶ್ಚಯಿಸಿಕೊಂಡು ಕೊಡಿ. ನಮ್ಮ ಊರುಗಳ ಚರ್ಚುಗಳಲ್ಲಿ ಬೆಳೆಯ ಹಬ್ಬಕ್ಕೆ ಒಂದು ಕುಂಬಳಕಾಯಿ, ನಾಲ್ಕು ತೆಂಗಿನಕಾಯಿ ತಂದಿಟ್ಟು ಹರಾಜಿಗೆ ಬಿಡುವವರಿದ್ದಾರೆ. ಅವರ ಹೊಲದ ಹತ್ತನೆಯ ಪಾಲು ಎಷ್ಟು ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಪಿ.ಎಫ್. ಕಡಿತದ ಪ್ರಶ್ನೆಗೆ ಬೈಬಲಿನಲ್ಲಿ ಉತ್ತರ ಹುಡುಕಬೇಡಿ, ಸಿಗುವುದಿಲ್ಲ. ಸಿಗುವುದು ಕುರಿಗಳ ಲೆಕ್ಕ. ಕೋಲಿನ ಕೆಳಗೆ ಒಂದೊಂದಾಗಿ ದಾಟುವ ಕುರಿಗಳಲ್ಲಿ ಹತ್ತನೆಯದು ದೇವರದು ಎಂದು ಯಾಜಕಕಾಂಡ ಹೇಳುತ್ತದೆ. ಒಂಬತ್ತೇ ಕುರಿ ಇದ್ದವನ ಮಂದೆಯಲ್ಲಿ ಹತ್ತನೆಯದು ಇರುತ್ತಲೇ ಇರಲಿಲ್ಲ.